ಆ ಸ್ಟೇಷನ್‌ನಲ್ಲಿ ನಿಲ್ಲದ ರೈಲು

ಉಶ್ ಆಂಟಿ ಎಂಬುದು ಮಕ್ಕಳು ಇಟ್ಟ ಹೆಸರು. ತಂಗುಮನೆಗೆ ಹೊಸದಾಗಿ ಬಂದ ವಾರ್ಡನ್ ಮೊದಲ ದಿನವೇ ತುಟಿಯ ಮೇಲೆ ಬೆರಳಿಟ್ಟು "ಉಶ್!" ಎಂದಿದ್ದರು. ಆಮೇಲೂ ಅವರ ಬಾಯಲ್ಲಿ ಬೇರೆ ಮಾತು ಬಂದದ್ದು ಕಡಿಮೆ. ಪಾಪ, ಅವರದೂ ತಪ್ಪಲ್ಲ. ಆಯುಸ್ಸಿನ ಮುಕ್ಕಾಲು ಪಾಲನ್ನು ಆಸ್ಪತ್ರೆಯಲ್ಲಿ ನರ್ಸಾಗಿ ಕಳೆದವರು. ಸದ್ದಿಲ್ಲದಿದ್ದರೆ ಎಲ್ಲವೂ ಸರಿಯಾಗಿದೆ ಎಂದು ನಂಬಿ ಬದುಕಿದವರು.

ಆದರೆ ತಂಗುಮನೆಯಲ್ಲಿ ಸದ್ದಿಗೇನು ಬರ? ಹಿಂದೆ ಕಚೇರಿಯಾಗಿದ್ದ ಎರಡಂತಸ್ತಿನ ಕಟ್ಟಡ ಅದು. ದೊಡ್ಡ ಹಾಲ್‌ಗಳಿಗೆ ಪ್ಲೈವುಡ್ ಅಡ್ಡ ಕಟ್ಟಿ ಕೋಣೆ ಮಾಡಿದ್ದರು. ಕೋಣೆಗೊಂದು ಸಂಸಾರ. ಬಾಡಿಗೆ ಕಟ್ಟಲಾಗದೆ ಬೀದಿಗೆ ಬಿದ್ದವರು, ಮನೆ ಕುಸಿದು ಬಂದವರು, ಗಂಡನ ಏಟಿಗೆ ಹೆದರಿ ಮಕ್ಕಳನ್ನು ಕಟ್ಟಿಕೊಂಡು ಓಡಿಬಂದವರು. ಒಂದು ಕೋಣೆಯಲ್ಲಿ ಸೀನಿದರೆ ಮೂರನೇ ಕೋಣೆಯ ಮಗು ಎದ್ದು ಕೂರುತ್ತಿತ್ತು.

ಇದರ ಮೇಲೆ ಮಕ್ಕಳ ರೈಲು ಬೇರೆ. ಟಾಯ್ಲೆಟ್‌ಗಳಿದ್ದದ್ದು ಕೆಳಗಿನ ಕಾರಿಡಾರಿನ ಕೊನೆಯಲ್ಲಿ. ಒಂದು ಮಗುವಿಗೆ ಹೋಗಬೇಕಾದರೆ ಸಾಕು, ಕಟ್ಟಡದ ಮಕ್ಕಳೆಲ್ಲ ಒಬ್ಬರ ಅಂಗಿ ಒಬ್ಬರು ಹಿಡಿದು ರೈಲಾಗಿ ಹೊರಡುತ್ತಿದ್ದರು. ನೆಟ್ಟಗೆ ಹೋದರೆ ನಾಲ್ಕು ಹೆಜ್ಜೆ. ಇವರೋ ಮುಂದಿನ ಮೆಟ್ಟಿಲು ಹತ್ತಿ, ಮಹಡಿಯ ಕಾರಿಡಾರ್ ಪೂರ್ತಿ ಸುತ್ತಿ, ಹಿಂದಿನ ಮೆಟ್ಟಿಲಿಳಿದು ಟಾಯ್ಲೆಟ್ ಸೇರುತ್ತಿದ್ದರು. ತಿರುವಿಗೊಂದು ಸಲ ಗಂಟಲು ಹರಿಯುವಂತೆ "ಕೂ...!" ಬಾಗಿಲಿಗೊಂದು ಗುದ್ದು. ರಾತ್ರಿಪಾಳಿ ಮುಗಿಸಿ ಹಗಲು ಮಲಗಿದವರು ಎದ್ದುಬಂದು ಶಾಪ ಹಾಕುತ್ತಿದ್ದರು.

"ಮೇಡಂ, ಕಷ್ಟಪಡ್ತೀರಲ್ಲ," ಎಂದು ಉಪಾಯ ಹೇಳಿದವನು ರಿಪೇರಿ ಮಾಮ. ನಲ್ಲಿ, ಬಲ್ಬು, ಚಿಲಕ, ಎಲ್ಲದಕ್ಕೂ ಅವನೇ. ಸೊಂಟದಲ್ಲಿ ಬೀಗದ ಕೈ ಗೊಂಚಲು, ಜೇಬಿನಲ್ಲಿ ಚಾಕೊಲೇಟು, ಬಾಯಲ್ಲಿ ಸಕ್ಕರೆ. "ಆ ರೈಲು ನಿಲ್ಸಿಬಿಡಿ. ಒಬ್ಬೊಬ್ಬರನ್ನೇ ಕಳ್ಸಿ. ನನ್ನ ಸಾಮಾನಿನ ರೂಮು ಅಲ್ಲೇ ಇದೆಯಲ್ಲ, ನಾನು ನೋಡ್ಕೋತೀನಿ."

ಎಷ್ಟು ಒಳ್ಳೆಯ ಮನುಷ್ಯ ಅನ್ನಿಸಿತು ವಾರ್ಡನ್‌ಗೆ. ರಟ್ಟು ತಂದು, ತಮ್ಮ ಮುದ್ದಾದ ಅಕ್ಷರದಲ್ಲಿ ತಾವೇ ಬರೆದು, ಊಟದ ಹಾಲ್‌ನಲ್ಲಿ ತೂಗುಹಾಕಿದರು: 'ಮಕ್ಕಳು ಒಬ್ಬೊಬ್ಬರಾಗಿ, ಸದ್ದಿಲ್ಲದೆ, ಕೆಳಗಿನ ದಾರಿಯಲ್ಲೇ ಹೋಗಬೇಕು.'

ಮಕ್ಕಳು ಬೋರ್ಡಿನ ಕೆಳಗೆ ನಿಂತು ಓದಿದರು. ಓದಲು ಬಾರದವರಿಗೆ ಓದಿ ಹೇಳಿದವಳು ರೈಲಿನ ಕೊನೆಯಲ್ಲಿರುತ್ತಿದ್ದ ಹುಡುಗಿ. ಅವಳನ್ನು ಎಲ್ಲರೂ ಗಾರ್ಡ್ ಎಂದೇ ಕರೆಯುತ್ತಿದ್ದರು. ಸಣಕಲು ಮೈ, ಗಂಟು ಹಾಕಿದ ಹುಬ್ಬು. ಓದಿ ಮುಗಿಸಿ ವಾರ್ಡನ್‌ರ ಮುಖವನ್ನೇ ನೋಡುತ್ತ ನಿಂತಳು. ಅವರು "ಉಶ್" ಎಂದರು, ಅವಳು ಏನೂ ಹೇಳಿರದಿದ್ದರೂ.

ಕಟ್ಟಡ ತಣ್ಣಗಾಯಿತು. ಹಗಲು ಮಲಗುವವರು ವಾರ್ಡನ್‌ಗೆ ಕೈ ಮುಗಿದರು. ಅವರಿಗೂ ಒಳಗೊಳಗೇ ಹಿಗ್ಗು.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಹಾಸಿಗೆಗಳು ಒದ್ದೆಯಾಗತೊಡಗಿದವು, ದೊಡ್ಡ ಮಕ್ಕಳವೂ. ಒಂದು ಮಧ್ಯಾಹ್ನ ಊಟದ ತಟ್ಟೆ ಎತ್ತಿಸುವಾಗ ವಾರ್ಡನ್‌ರ ಕಣ್ಣಿಗೆ ಬಿದ್ದದ್ದು ಲೋಟಗಳು. ದೊಡ್ಡವರ ಲೋಟ ಖಾಲಿ, ಮಕ್ಕಳ ಲೋಟದಲ್ಲಿ ತುಂಬಿದ ನೀರು ತುಂಬಿದಂತೆಯೇ ಇತ್ತು. ಒಂದು ಮಗು ಕುಡಿಯದಿದ್ದರೆ ಹಟ ಅನ್ನಬಹುದು. ಎಲ್ಲ ಮಕ್ಕಳೂ ಕುಡಿಯದಿದ್ದರೆ?

ಎಲ್ಲರಿಗಿಂತ ಪುಟ್ಟವನನ್ನು ಹಿಡಿದು ಕೂರಿಸಿಕೊಂಡರು. ಅವನು ಗಾರ್ಡ್‌ಳ ತಮ್ಮ. ಗಾತ್ರ ನೋಡಿ ಬಟಾಣಿ ಎಂದು ಹೆಸರಿಟ್ಟಿದ್ದರು.

"ನೀರು ಕುಡಿಯೋ ಮರಿ."

"ಬೇಡ."

"ಬಾಯಾರಿಕೆ ಇಲ್ವಾ?"

"ಇದೆ." ಬಟಾಣಿ ಒಣಗಿದ ತುಟಿ ನೆಕ್ಕಿಕೊಂಡ. "ಕುಡಿದ್ರೆ ಹೋಗ್ಬೇಕಾಗತ್ತಲ್ಲ."

"ಹೋದ್ರೇನಂತೆ?"

ಇಷ್ಟು ದೊಡ್ಡ ಹೆಂಗಸಿಗೆ ಇಷ್ಟೂ ಗೊತ್ತಿಲ್ಲವೇ ಎಂಬಂತೆ ಅವನು ನೋಡಿದ. "ರೈಲಿಲ್ವಲ್ಲ!"

ವಾರ್ಡನ್ ಎದ್ದು, ಎಲ್ಲ ಮಕ್ಕಳಿಗೂ ಕೇಳುವಂತೆ ಹೇಳಿದರು. "ನಿಮ್ಮ ರೈಲು ನಾನು ಸರಿಯಾಗಿ ನೋಡೇ ಇಲ್ಲ ಕಣ್ರೋ. ಒಂದ್ಸಲ ತೋರಿಸ್ತೀರಾ?"

ಮಕ್ಕಳು ಗಾರ್ಡ್‌ಳ ಕಡೆ ನೋಡಿದರು. ಅವಳು ಹೂಂ ಎಂದು ತಲೆಯಾಡಿಸಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ರೈಲು ಕಟ್ಟಿತು.

ಆಗ ಕಂಡಿತು ಅವರಿಗೆ. ಇಷ್ಟು ದಿನ ಕಿವಿ ಮುಚ್ಚಿಕೊಂಡಿದ್ದವರು ಕಣ್ಣನ್ನೂ ಮುಚ್ಚಿಕೊಂಡಿದ್ದರು. ಮಕ್ಕಳು ಮನಸ್ಸಿಗೆ ಬಂದಂತೆ ನಿಂತಿರಲಿಲ್ಲ. ಎಲ್ಲರಿಗಿಂತ ಗಟ್ಟಿ ಗಂಟಲಿನ ಹುಡುಗ ಮುಂದೆ, ಅವನೇ ಎಂಜಿನ್. ಪುಟ್ಟವರು ಮಧ್ಯದಲ್ಲಿ. ಮೊನ್ನೆ ಮೊನ್ನೆ ಬಂದು ಇನ್ನೂ ಯಾರೊಡನೆಯೂ ಮಾತಾಡದ ಮಗುವೂ ಮಧ್ಯದಲ್ಲಿ. ಹಿಂದೆ, ಮುಂದೆ ದೊಡ್ಡವರು. ಎಲ್ಲಕ್ಕಿಂತ ಕೊನೆಗೆ ಗಾರ್ಡ್. ಒಂದು ಕೈಯಿಂದ ಮುಂದಿನವರ ಅಂಗಿ ಹಿಡಿದು, ಬೆನ್ನು ತಿರುಗಿಸಿ, ಹಿಮ್ಮುಖವಾಗಿ ನಡೆಯುತ್ತಿದ್ದಳು. ಮೆಟ್ಟಿಲನ್ನೂ ಹಾಗೆಯೇ ಹತ್ತಿದಳು. ಒಂದು ಸಲವೂ ಎಡವಲಿಲ್ಲ. ಎಷ್ಟು ಸಲ ನಡೆದಿದ್ದರೆ ಕಾಲಿಗೆ ಅಷ್ಟು ಅಭ್ಯಾಸವಾದೀತು! "ಕೂ" ಎಂದು ಕೂಗಿದ್ದೆಲ್ಲ ಯಾರಾದರೂ ಅಡಗಿ ನಿಲ್ಲಬಹುದಾದ ತಿರುವುಗಳಲ್ಲಿ. ಗುದ್ದಿದ್ದು ಖಾಲಿ ಕೋಣೆಯ ಬಾಗಿಲಿಗಲ್ಲ, ಒಳಗೆ ದೊಡ್ಡವರಿದ್ದ ಬಾಗಿಲುಗಳಿಗೆ. ತಾವು ಹೋಗುತ್ತಿದ್ದೇವೆ ಎಂದು ಕಟ್ಟಡಕ್ಕೆಲ್ಲ ಸಾರುತ್ತ ಹೋಗುತ್ತಿದ್ದರು.

ದೊಡ್ಡವರು ಸಭೆ ಸೇರಿಸಿ, ಚಹಾ ಕುಡಿದು, ತಿಂಗಳುಗಟ್ಟಲೆ ಚರ್ಚಿಸಿದರೂ ಇಂಥದೊಂದು ಕಾವಲು ಹೊಳೆಯುತ್ತಿರಲಿಲ್ಲ. ಹಾಲುಹಲ್ಲು ಬೀಳದ ಮಕ್ಕಳು ಆಟದ ವೇಷ ಹಾಕಿ ಕೋಟೆ ಕಟ್ಟಿಕೊಂಡಿದ್ದರು. ಅದನ್ನು ಕೆಡವಿದ್ದು ವಾರ್ಡನ್‌ರ ಮುದ್ದಾದ ಅಕ್ಷರ.

"ಇದನ್ನ ಯಾರು ಹೇಳ್ಕೊಟ್ರು?" ಎಂದು ಕೇಳಿದರು.

"ಯಾರೂ ಇಲ್ಲ," ಎಂದಳು ಗಾರ್ಡ್.

"ಮತ್ತೆ ಕೆಳಗಿನ ದಾರೀಲಿ ಯಾಕೆ ಹೋಗಲ್ಲ ಪುಟ್ಟಿ? ಹತ್ತಿರ ಅಲ್ವಾ?"

ಗಾರ್ಡ್ ನೆಲ ನೋಡಿದಳು. ಕೆಳಗಿನ ದಾರಿಯಲ್ಲಿದ್ದದ್ದು ಒಂದೇ ಬಾಗಿಲು, ರಿಪೇರಿ ಮಾಮನ ಸಾಮಾನಿನ ಕೋಣೆಯದು.

"ಆ ಸ್ಟೇಷನ್‌ನಲ್ಲಿ ರೈಲು ನಿಲ್ಲಲ್ಲ," ಎಂದಳು. "ಒಂದ್ಸಲ ನಿಂತಿತ್ತು. ಆವಾಗ ನಾನೊಬ್ಬಳೇ ಇದ್ದೆ," ಎಂದು ಸೇರಿಸಿದಳು. "ಹೇಳಿದ್ರೆ ನಮ್ಮಮ್ಮನ್ನ ರೂಮಿಂದ ಆಚೆ ಹಾಕಿಸ್ತೀನಿ ಅಂದ."

ವಾರ್ಡನ್ ಮುಂದೆ ಕೇಳಲಿಲ್ಲ. ಗಾಯವನ್ನು ಕಂಡಕಂಡವರೆಲ್ಲ ಕೆದಕಬಾರದು ಎಂಬುದು ಅವರಿಗೆ ಗೊತ್ತಿತ್ತು. ಮಂಡಿಯೂರಿ ಅವಳ ಎತ್ತರಕ್ಕೆ ಬಂದು, "ನಂಗೆ ಹೇಳಿದ್ದು ಒಳ್ಳೇದು ಮಾಡ್ದೆ. ನೀನೇನೂ ತಪ್ಪು ಮಾಡಿಲ್ಲ. ನಿಮ್ಮನ್ನ ಯಾರೂ ಆಚೆ ಹಾಕಲ್ಲ," ಎಂದಷ್ಟೇ ಹೇಳಿದರು.

ಮಕ್ಕಳನ್ನು ಊಟದ ಹಾಲ್‌ನಲ್ಲಿ ಅಡುಗೆಯವಳ ಕಣ್ಣೆದುರು ಕೂರಿಸಿ, ಮಕ್ಕಳ ರಕ್ಷಣೆಯ ಅಧಿಕಾರಿಗೂ ಪೊಲೀಸರಿಗೂ ಫೋನ್ ಮಾಡಿದರು. ಆಮೇಲೆ ರಿಪೇರಿ ಮಾಮನ ಮುಂದೆ ಹೋಗಿ ಕೈ ಚಾಚಿದರು. "ಬೀಗದ ಕೈ ಕೊಡು."

ಅವನು ನಕ್ಕ. "ಮಕ್ಕಳಾಟ ನಂಬ್ತೀರಾ ಮೇಡಂ? ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತೀರಲ್ಲ!"

ಮಕ್ಕಳ ವಿಷಯ ವಾರ್ಡನ್ ಎತ್ತಿಯೇ ಇರಲಿಲ್ಲ. "ಕೊಡು ಅಂದೆ," ಎಂದರು. ಅದು ಉಶ್ ಎನ್ನುವ ಧ್ವನಿಯಾಗಿರಲಿಲ್ಲ. ಮಹಡಿಯಲ್ಲಿ ಮಲಗಿದ್ದವರೆಲ್ಲ ಎದ್ದು ಮೆಟ್ಟಿಲ ಮೇಲೆ ಬಂದು ನಿಂತರು. ಗೊಂಚಲು ಅವರ ಅಂಗೈಗೆ ಬಿತ್ತು. ಪೊಲೀಸರು ಬರುವವರೆಗೂ ಮೆಟ್ಟಿಲ ಮೇಲಿನವರು ಅಲುಗಾಡಲಿಲ್ಲ.

ಗಾರ್ಡ್‌ಳ ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಸುದ್ದಿ ಕೇಳಿ ಓಡಿಬಂದವಳ ಮೊದಲ ಮಾತೇ, "ಈಗ ನಮ್ಮನ್ನ ಎಲ್ಲಿಗೆ ಕಳಿಸ್ತೀರಕ್ಕ?"

"ಎಲ್ಲಿಗೂ ಇಲ್ಲ ತಾಯಿ. ಹೋಗೋನು ಅವನು."

ಬೇಲಿಯೇ ಎದ್ದು ಹೊಲ ಮೇಯ್ದದ್ದು ಹೀಗೆ ಹೊರಗೆ ಬಂತು. ಮಕ್ಕಳೊಡನೆ ಮಾತಾಡಲು ಕಲಿತ ಅಧಿಕಾರಿಯೊಬ್ಬಳು ಬಂದು, ತಾಯಿಯನ್ನು ಪಕ್ಕದಲ್ಲೇ ಕೂರಿಸಿಕೊಂಡು, ಗಾರ್ಡ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಳು. ಪೊಲೀಸರು ಕರೆದೊಯ್ದ ರಿಪೇರಿ ಮಾಮ ತಿರುಗಿ ಬರಲಿಲ್ಲ. ಸಾಮಾನಿನ ಕೋಣೆಯ ಬಾಗಿಲನ್ನೇ ಕಳಚಿಸಿ, ಕಾರಿಡಾರಿಗೆ ಪ್ರಖರವಾದ ಬಲ್ಬು ಹಾಕಿಸಿದರು. ರಟ್ಟಿನ ಬೋರ್ಡನ್ನು ವಾರ್ಡನ್ ಎಲ್ಲರೆದುರಿಗೆ ತಾವೇ ಹರಿದರು.

ಅಷ್ಟಕ್ಕೇ ಮಕ್ಕಳು ನಂಬಿಬಿಡುತ್ತಾರೆಯೇ? ರೈಲು ಮತ್ತೆ ಮೇಲಿನ ದಾರಿಯಲ್ಲೇ ಓಡಿತು. "ಇನ್ಮೇಲೆ ಹಿಂದೆ ನಾನಿರ್ತೀನಿ, ಗಾರ್ಡ್ ಕೆಲಸ ನಂದು," ಎಂದು ವಾರ್ಡನ್ ಮುಂದೆ ಬಂದಾಗ ಗಾರ್ಡ್ ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಹೊಸಬ್ರು ಮಧ್ಯದಲ್ಲಿ," ಎಂದಳು.

ಹೀಗಾಗಿ ತಲೆ ನರೆತ, ತೂಕದಲ್ಲಿ ಇಡೀ ರೈಲಿಗೆ ಸಮನಾದ ವಾರ್ಡನ್, ಬಟಾಣಿಯ ಅಂಗಿ ಹಿಡಿದು, ಬೆನ್ನು ಬಗ್ಗಿಸಿ, ಮೆಟ್ಟಿಲು ಹತ್ತಿ ಇಳಿದರು. ಏದುಸಿರು ಬಿಡುತ್ತಲೇ ತಿರುವಿಗೊಮ್ಮೆ "ಕೂ" ಎಂದರು. ಹಗಲು ಮಲಗುವವರು ಬಾಗಿಲು ತೆರೆದು ನೋಡಿ ನಕ್ಕರು, ಯಾರೂ ಶಾಪ ಹಾಕಲಿಲ್ಲ. ಬಡ್ತಿಗಾಗಿ ವಾರ್ಡನ್ ಕಾದರು. ಆಸ್ಪತ್ರೆಯಲ್ಲಿ ಯಾವ ಬಡ್ತಿಗೂ ಹೀಗೆ ಕಾದಿರಲಿಲ್ಲ. ಲೋಟಗಳು ಮೆಲ್ಲಗೆ ಖಾಲಿಯಾಗತೊಡಗಿದವು.

ಒಂದು ಮಧ್ಯಾಹ್ನ ರೈಲು ಕಟ್ಟುವಾಗ ಗಾರ್ಡ್ ಬಂದು ಅವರ ಸೆರಗು ಜಗ್ಗಿದಳು.

"ಆಂಟಿ, ಇವತ್ತು ನೀವು ಹಿಂದೆ."

"ನಿಜವಾಗ್ಲೂ?"

"ಹೂಂ. ಆದ್ರೆ ತಿರುಗಿ ನಡೀಬೇಕು. ಮುಂದೆ ನೋಡಂಗಿಲ್ಲ."

ವಾರ್ಡನ್ ಬೆನ್ನು ತಿರುಗಿಸಿ ನಿಂತು, ಕೈ ಹಿಂದಕ್ಕೆ ಚಾಚಿ ಕೊನೆಯ ಮಗುವಿನ ಅಂಗಿ ಹಿಡಿದರು. ರೈಲು ಹೊರಟಿತು. ಎಡವಿದರು, ಗೋಡೆ ಹಿಡಿದರು, ಖಾಲಿ ಕಾರಿಡಾರಿನ ಮೇಲೆ ನೆಟ್ಟ ಕಣ್ಣನ್ನು ಕೀಳಲಿಲ್ಲ. ತಿರುವು ಬಂತು. ಎಂಜಿನ್ ಕೂಗಿತು. ಅದರ ಹಿಂದೆಯೇ ಇನ್ನೊಂದು "ಕೂ" ಕೇಳಿಸಿತು. ತೆಳ್ಳಗೆ, ಕೀರಲಾಗಿ, ನಗು ತಡೆಯಲಾರದೆ ಒಡೆದುಹೋದ ಧ್ವನಿ. ಆ ಧ್ವನಿಯನ್ನು ವಾರ್ಡನ್ ಎಂದೂ ಕೇಳಿರಲಿಲ್ಲ.

"ಯಾರೋ ಅದು?" ಎಂದು ತಿರುಗದೆಯೇ ಕೇಳಿದರು.

"ನಮ್ಮಕ್ಕ!" ಎಂದು ಕೂಗಿದ ಬಟಾಣಿ. "ನನ್ನ ಪಕ್ಕ ಮಧ್ಯದಲ್ಲಿದಾಳೆ. ಕಣ್ಣು ಮುಚ್ಕೊಂಡು ಬರ್ತಿದಾಳೆ!"