ಬಿಸಿಲು ಬೀಳದ ಗೋಡೆ

"ಪೆಟ್ಟಿಗೆಗೆ ಸ್ಕ್ರೂ ಬಿಗಿದಾಯ್ತಲ್ಲಮ್ಮಾ," ಎಂದ ಹೆಣದ ಗಾಡಿಯ ಹಿರಿಯಾಳು, ಟೋಪಿಯನ್ನು ಎದೆಗೊತ್ತಿಕೊಂಡು. "ಒಳಗೆ ಇಡೋದು ಏನಾದ್ರೂ ಇದೆಯಾ ಅಂತ ನಿನ್ನೆ ನಾವೇ ಕೇಳಿದ್ವಿ. ಇಲ್ಲ ಅಂದ್ರಿ."

ಮಾವಿಸ್ ಒಂದು ಕೈಯಲ್ಲಿ ಗಾಡಿಯ ಬಾಗಿಲನ್ನು ಹಿಡಿದೇ ನಿಂತಿದ್ದಳು. ಇನ್ನೊಂದು ಕೈ ಕೈಚೀಲದೊಳಗೆ ಲಕೋಟೆಯೊಂದರ ಅಂಚನ್ನು ಸವರುತ್ತಿತ್ತು.

"ಒಂದೇ ಒಂದು ಕಾಗದ. ಅವರ ಕೋಟಿನ ಜೇಬಿಗೆ ಹಾಕಿಬಿಟ್ರೆ ಸಾಕು."

"ಬೀದಿಯಲ್ಲಿ ತೆಗೆಯೋ ಹಾಗಿಲ್ಲ, ಮಿಸೆಸ್ ಓಲ್ಡ್‌ರಾಯ್ಡ್. ಬೇಕಾದ್ರೆ ಮೇಲೆ ಹೂವಿನ ಜೊತೆ ಇಡ್ತೀನಿ."

ಹೂವಿನ ಜೊತೆ, ಊರವರ ಕಣ್ಣೆದುರಿಗೆ! ಮಾವಿಸ್ ಕೈಚೀಲದ ಬಾಯಿ ಮುಚ್ಚಿದಳು. "ಬೇಡ, ಬಿಡಿ."

"ಏನೇ ಅದು?" ಹಿಂದಿನ ಕಾರಿನಿಂದ ನಾದಿನಿ ಡೋರಿನ್ ತಲೆ ಹೊರಹಾಕಿದಳು. "ಪ್ರೇಮಪತ್ರನಾ? ನಲವತ್ತೊಂಬತ್ತು ವರ್ಷದಲ್ಲಿ ಕೊಡೋಕೆ ಪುರುಸೊತ್ತು ಸಿಗಲಿಲ್ವಾ? ಬಾ, ಹತ್ತು. ಚಿತಾಗಾರದಲ್ಲಿ ಅರ್ಧ ಗಂಟೆಗೊಬ್ಬರಂತೆ ಹಾಡು ಹೇಳಿ ಸುಡ್ತಾರೆ. ತಡ ಆದ್ರೆ ನಮ್ಮ ಕ್ಲಿಫರ್ಡ್ ಬೇರೆಯವರ ಹಾಡಿಗೆ ಹೋಗಬೇಕಾಗುತ್ತೆ."

ಮಾವಿಸ್ ಹತ್ತಿದಳು. ಗಾಡಿ ನಡೆಯುವವರ ವೇಗದಲ್ಲಿ ಹೊರಟಿತು.

ಲಕೋಟೆಯಲ್ಲಿದ್ದದ್ದು ಅಂಗೈಯಗಲದ ಕಪ್ಪುಬಿಳುಪು ಫೋಟೋ. ಸ್ಕಾರ್‌ಬೆಕ್ ರೈಲು ಎಂಜಿನ್ ಶೆಡ್ಡಿನ ಉತ್ತರದ ಗೋಡೆ. ಅದರ ಮುಂದೆ ಹತ್ತೊಂಬತ್ತರ ಮಾವಿಸ್, ಪಕ್ಕದಲ್ಲಿ ಡೆರಿಕ್ ಎಂಬ ಹುಡುಗ. ಎಂಜಿನ್ನಿಗೆ ಕಲ್ಲಿದ್ದಲು ಎಸೆಯುವವನು. ಕ್ಲಿಫರ್ಡ್ ಇಪ್ಪತ್ತಮೂರು ವರ್ಷ ಹುಡುಕಿದ್ದು ಈ ಗೋಡೆಯನ್ನೇ. ಅವನು ಹುಡುಕಿದಷ್ಟು ದಿನವೂ ಅದು ಅವನದೇ ಮನೆಯಲ್ಲಿ, ಹೊಲಿಗೆ ಯಂತ್ರದ ಡ್ರಾಯರಿನಲ್ಲಿ, ಗುಂಡಿಗಳ ಡಬ್ಬಿಯ ಕೆಳಗೆ ಮಲಗಿತ್ತು.

*

ಕ್ಲಿಫರ್ಡ್ ರೈಲಿನವನಾಗಿರಲಿಲ್ಲ. ಹದಿನಾರರಲ್ಲಿ ಸೇರಲು ಹೋಗಿದ್ದನಂತೆ. ಕತ್ತಲೆ ಕೋಣೆಯಲ್ಲಿ ಕೂರಿಸಿ ದೀಪ ತೋರಿಸಿದರು, ಕೆಂಪಿಗೆ ಹಸಿರೆಂದ. ಆ ಬಾಗಿಲು ಅಲ್ಲಿಗೇ ಮುಚ್ಚಿತು. ಮೂವತ್ತೊಂದು ವರ್ಷ ಬ್ರೆಡ್ಡಿನ ವ್ಯಾನು ಓಡಿಸಿದ. ಶೆಡ್ಡು ಕೆಡವಿ, ಸೂಪರ್‌ಮಾರ್ಕೆಟ್ ಎದ್ದು, ಊರೇ ಅದನ್ನು ಮರೆತ ಮೇಲೆ ಒಂದು ಭಾನುವಾರ ಗ್ಯಾರೇಜಿನಲ್ಲಿ ಹಲಗೆ ಹಾಸಿ, "ಆ ಶೆಡ್ಡಿನ ಮಾದರಿ ಕಟ್ತೀನಿ ಕಣೆ. ಅರವತ್ತೊಂದನೇ ಇಸವಿಯಲ್ಲಿ ಹೇಗಿತ್ತೋ ಹಾಗೇ," ಎಂದ.

ಒಂದಡಿಗೆ ನಾಲ್ಕು ಮಿಲಿಮೀಟರ್ ಲೆಕ್ಕ. ಸೂಪರ್‌ಮಾರ್ಕೆಟ್ಟಿನ ಕಾರುಗಳ ನಡುವೆ ಟೇಪು ಹಿಡಿದು ಹಳೆಯ ಹಳಿಗಳ ಜಾಗ ಅಳೆದ. ನಗರಸಭೆಯಿಂದ ಚರಂಡಿಯ ನಕ್ಷೆ ತಂದ. ಮುದಿ ಡ್ರೈವರುಗಳಿಗೆಲ್ಲ ಕಾಗದ ಬರೆದು ನಾನೂರ ಹನ್ನೆರಡು ಫೋಟೋ ಕೂಡಿಹಾಕಿದ. ಬಣ್ಣ ಮಾತ್ರ ಮಾವಿಸಳದು. "ಇದು ತುಕ್ಕೋ, ಪಾಚಿಯೋ?" ಎಂದು ಅವನು ಕುಂಚ ಚಾಚುತ್ತಿದ್ದ, "ಪಾಚಿ," ಎಂದು ಅವಳು ಕಲಸಿಕೊಡುತ್ತಿದ್ದಳು. ಅವಳು ಹೇಳಿದ್ದನ್ನು ಅವನು ಒಮ್ಮೆಯೂ ಇನ್ನೊಬ್ಬರಲ್ಲಿ ಕೇಳಿ ನೋಡಿದವನಲ್ಲ.

ನಾನೂರ ಹನ್ನೆರಡರಲ್ಲೂ ಉತ್ತರದ ಗೋಡೆ ಇರಲಿಲ್ಲ. ಕ್ಯಾಮೆರಾ ಹಿಡಿದ ಹುಡುಗರೆಲ್ಲ ಬಿಸಿಲು ಬೆನ್ನಿಗಿರಬೇಕೆಂದು ಪಾಠ ಕಲಿತವರು. ಎಲ್ಲರೂ ದಕ್ಷಿಣಕ್ಕೇ ನಿಂತಿದ್ದರು. ಜೂನ್ ತಿಂಗಳ ಸಂಜೆ ಏಳರ ಮೇಲೆ ಸೂರ್ಯ ವಾಯವ್ಯಕ್ಕೆ ಸರಿದು ಆ ಗೋಡೆಗೂ ಒಂದಿಷ್ಟು ಬೆಳಕು ಸವರುತ್ತಿದ್ದ. ಆದರೆ ಅಷ್ಟು ಹೊತ್ತಿಗೆ ಆ ಹುಡುಗರು ಮನೆಯಲ್ಲಿ ಊಟಕ್ಕೆ ಕೂತಿರುತ್ತಿದ್ದರು.

ಒಮ್ಮೆ ಊಹೆಯ ಮೇಲೆ ಒಂಬತ್ತು ಕಿಟಕಿ ಇಟ್ಟು ಕಟ್ಟಿ, ಚರ್ಚ್ ಹಾಲಿನ ಪ್ರದರ್ಶನಕ್ಕೆ ಒಯ್ದ. ಊರುಗೋಲಿನ ಮುದುಕನೊಬ್ಬ ಬಗ್ಗಿ ನೋಡಿದ. "ನಾನು ಹದಿನೆಂಟು ವರ್ಷ ಅಲ್ಲಿ ಫಿಟ್ಟರ್ ಆಗಿದ್ದೆ. ಒಂಬತ್ತು ಕಿಟಕಿ ಇರಲಿಲ್ಲಪ್ಪ."

"ಮತ್ತೆ ಎಷ್ಟಿತ್ತು?"

"ಅದು ಗೊತ್ತಿಲ್ಲ. ಒಂಬತ್ತಂತೂ ಅಲ್ಲ."

ಕ್ಲಿಫರ್ಡ್ ಜನರೆದುರಿಗೇ ಆ ಗೋಡೆಯನ್ನು ಕಿತ್ತು, ಅಲ್ಲಿ ಒಂದು ಬಿಳಿ ರಟ್ಟು ನಿಲ್ಲಿಸಿದ. ಚಿತ್ರವಿಲ್ಲದ್ದನ್ನು ಕಟ್ಟುವುದಿಲ್ಲ ಎಂದುಬಿಟ್ಟ. ಹನ್ನೊಂದು ವರ್ಷ ಆ ರಟ್ಟು ಹಾಗೇ ನಿಂತಿತು.

*

ಸುಟ್ಟು ಬಂದ ಮೇಲೆ ಚಾಪೆಲ್ಲಿನ ಹಿಂದಿನ ಹಾಲಿನಲ್ಲಿ ಚಹಾ. ಹಂದಿಮಾಂಸದ ಸ್ಯಾಂಡ್‌ವಿಚ್ಚು ಮುಗಿಯುತ್ತ ಬಂದಿತ್ತು. ಕ್ಲಿಫರ್ಡನ ಮಾದರಿ ರೈಲು ಕ್ಲಬ್ಬಿನವರ ಜಗಳ ಮುಗಿದಿರಲಿಲ್ಲ.

"ದಕ್ಷಿಣದ ಗೋಡೆ ನೋಡ್ಕೊಂಡು ಹಾಗೇ ಕಟ್ಟಿ ಮುಗಿಸಿ," ಎಂದ ಒಬ್ಬ. "ಯಾರು ಹಿಂದೆ ಹೋಗಿ ನೋಡ್ತಾರೆ?"

"ಕ್ಲಿಫರ್ಡ್ ನೋಡ್ತಾನೆ," ಎಂದ ಹೆಡ್ಲಿ ಸಗ್ಡನ್. ಕ್ಲಿಫರ್ಡನ ಮೂವತ್ತು ವರ್ಷದ ಗೆಳೆಯ ಅವನು. ಎಲ್ಲಿಗೆ ಹೋದರೂ ಜೇಬಿನಲ್ಲಿ ಉಕ್ಕಿನ ಸ್ಕೇಲು ಇಟ್ಟುಕೊಳ್ಳುವವ.

"ಅವನನ್ನ ಈಗ ತಾನೇ ಬೂದಿ ಮಾಡಿ ಬಂದ್ವಲ್ಲಯ್ಯಾ!"

"ಆದ್ರೂ ನೋಡ್ತಾನೆ."

ಹೆಡ್ಲಿ ಕುರ್ಚಿ ಎಳೆದುಕೊಂಡು ಮಾವಿಸಳ ಪಕ್ಕ ಕೂತ. "ನೋಡಮ್ಮಾ, ನೀನು ಈ ಮನೆ ಬಿಟ್ಟು ಫ್ಲಾಟಿಗೆ ಹೋಗೋ ಮುಂಚೆ ಆ ಮಾದರೀನ ಕ್ಲಬ್ಬಿಗೆ ಒಯ್ತೀವಿ. ಅಕ್ಟೋಬರಿನಲ್ಲಿ ದೊಡ್ಡ ಪ್ರದರ್ಶನ. ಗೋಡೆ ಬಿಳಿಯಾಗೇ ಇರ್ಲಿ. ಒಂದು ಚೀಟಿ ಅಂಟಿಸ್ತೀವಿ: 'ಈ ಬದಿಯನ್ನು ಕಂಡವರು ಯಾರೂ ಉಳಿದಿಲ್ಲ' ಅಂತ."

ಮಾವಿಸ್ ಚಹಾದ ಬಟ್ಟಲನ್ನು ಕೆಳಗಿಟ್ಟಳು.

"ಹೆಡ್ಲಿ, ನಮ್ಮ ಮನೆಗೆ ಬಂದು ಹೋಗು. ಇವತ್ತೇ."

*

ಮಾದರಿ ಕಟ್ಟತೊಡಗಿದ ಮೊದಲ ವರ್ಷವೇ ಕ್ಲಿಫರ್ಡ್ ಕೇಳಿದ್ದ. "ನೀನು ಶೆಡ್ಡಿನ ಹಿಂದಿನ ಕಾಲುವೆ ಕಡೆಯೋಳಲ್ವಾ? ಆ ಗೋಡೆ ನೆನಪಿದೆಯಾ?"

"ಇಲ್ಲಪ್ಪ," ಎಂದಿದ್ದಳು ಬಟಾಣಿ ಸುಲಿಯುತ್ತ.

ಅಷ್ಟೇ. ಹೇಳುವಾಗ ಅದೇನೂ ಭಾರವೆನಿಸಿರಲಿಲ್ಲ. ಫೋಟೋದ ಆ ಬೇಸಿಗೆ ಮುಗಿಯುವುದರೊಳಗೆ ಡೆರಿಕ್ ಬೇರೆ ಊರಿಗೆ ವರ್ಗವಾಗಿ ಹೋಗಿದ್ದ, ಅಲ್ಲೇ ಯಾರನ್ನೋ ಮದುವೆಯೂ ಆಗಿದ್ದ. ಕ್ಲಿಫರ್ಡ್ ಬೇಜಾರು ಮಾಡಿಕೊಳ್ಳುವ ಗಂಡಸೂ ಅಲ್ಲ. ಅವಳು ಹೆದರಿದ್ದು ಭೂತಗನ್ನಡಿಗೆ. ಒಂದೊಂದು ಚಿತ್ರದ ಮೇಲೂ ಅವನು ತಿಂಗಳುಗಟ್ಟಲೆ ಅದನ್ನು ಹಿಡಿದು ಕೂರುತ್ತಿದ್ದ. ಒಂದು ಕೊಳವೆಯನ್ನೂ, ಒಂದು ಬಿರುಕನ್ನೂ ಬಿಡುತ್ತಿರಲಿಲ್ಲ. ಇದರ ಮೇಲೂ ಕೂರುತ್ತಾನೆ. ಕಿಟಕಿ ಎಣಿಸುತ್ತ ಎಣಿಸುತ್ತ ಒಂದು ದಿನ ಗಾಜು ಅವಳ ಮುಖದ ಮೇಲೆ ನಿಲ್ಲುತ್ತದೆ. ಆ ಮುಖದಲ್ಲೊಂದು ನಗುವಿತ್ತು. ಮದುವೆಯ ಚಿತ್ರದಲ್ಲಿ ಅದು ಇರಲಿಲ್ಲ. ಆಮೇಲಿನ ಯಾವ ಚಿತ್ರದಲ್ಲೂ ಇರಲಿಲ್ಲ.

ಕೊಡೋಣವೆಂದು ಪ್ರತಿ ವರ್ಷ ಅಂದುಕೊಂಡಳು. ಕಳೆದ ವರ್ಷವೇ ಯಾಕೆ ಕೊಡಲಿಲ್ಲವೆಂದು ಕೇಳಿದರೆ ಏನು ಹೇಳುವುದೆಂದು ಪ್ರತಿ ವರ್ಷವೂ ಸುಮ್ಮನಾದಳು. ಕಡೆಯ ವಾರ ಆಸ್ಪತ್ರೆಯಲ್ಲಿ ಅವನು, "ಎಷ್ಟು ಕಿಟಕಿ ಇತ್ತೋ ಏನೋ," ಎಂದಾಗ ಬಾಯಿ ತೆರೆದಳು. ಅಷ್ಟರಲ್ಲಿ ನರ್ಸು ಜ್ವರ ನೋಡಲು ಬಂದಳು. ನರ್ಸು ಹೋದ ಮೇಲೆ ಅವನಿಗೆ ನಿದ್ದೆ ಹತ್ತಿತ್ತು. ಎಬ್ಬಿಸಬಹುದಿತ್ತು.

*

ಗ್ಯಾರೇಜಿನಲ್ಲಿ ಮಾವಿಸ್ ಕೋಟು ಕೂಡ ಕಳಚದೆ ಲಕೋಟೆಯನ್ನು ಹೆಡ್ಲಿಯ ಕೈಗಿಟ್ಟಳು. ಚಹಾ ಹಿಡಿದು ಹಿಂದೆಯೇ ಬಂದ ಡೋರಿನ್ ಅವನ ಭುಜದ ಮೇಲಿಂದ ಇಣುಕಿದಳು.

"ಏಳು," ಎಂದ ಹೆಡ್ಲಿ. "ಏಳು ಕಿಟಕಿ. ಕಡೇದನ್ನ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ, ನೋಡಿ! ಹಿಂದೆ ಅರವತ್ತೊಂದು ಅಂತ ಬರೆದಿದೆ. ನಮ್ಮ ವರ್ಷವೇ!" ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ, ಮತ್ತೆ ತೆಗೆದ.

"ಇದು ನೀನಲ್ವೇ?" ಎಂದಳು ಡೋರಿನ್. "ಪಕ್ಕದಲ್ಲಿರೋನು ಯಾರು?"

"ಡೆರಿಕ್ ಅಂತ."

"ಎಷ್ಟು ವರ್ಷದಿಂದ ಇದೆ ಇದು ನಿನ್ನ ಹತ್ರ?"

"ಮೊದಲಿನಿಂದ."

ಡೋರಿನ್ ಬಟ್ಟಲುಗಳನ್ನು ಕೆಲಸದ ಮೇಜಿನ ಮೇಲಿಟ್ಟಳು. "ನಮ್ಮಣ್ಣ ಇದಕ್ಕೋಸ್ಕರ ಮುದುಕರ ಮನೆಮನೆ ಬಾಗಿಲು ತಟ್ಟಿದ, ಮಾವಿಸ್. ಮಳೆಯಲ್ಲಿ. ಸತ್ತವರ ಹೆಂಡಿರ ಅಟ್ಟ ಹತ್ತಿದ."

"ಗೊತ್ತು."

"ಗೊತ್ತಾ?"

"ಒದ್ದೆ ಕೋಟು ಒಣಗಿಸಿದೋಳು ನಾನೇ, ಡೋರಿನ್."

ಡೋರಿನ್ ಕಿಟಕಿಯ ಕಡೆ ತಿರುಗಿದಳು.

ಹೆಡ್ಲಿಗೆ ಇದೊಂದೂ ಕೇಳಿಸಿದಂತಿರಲಿಲ್ಲ. ಉಕ್ಕಿನ ಸ್ಕೇಲನ್ನು ಚಿತ್ರದ ಮೇಲಿಟ್ಟು ತಲೆಯಾಡಿಸುತ್ತಿದ್ದ. "ಮಸಿ ಹಿಡಿದು ಇಟ್ಟಿಗೆ ಸಾಲು ಎಣಿಸೋಕಾಗಲ್ಲ. ಗೋಡೆ ಎತ್ತರ ಹೇಗೆ ಹಿಡೀಲಿ? ಈ ಹುಡುಗ ಒರಗಿ ನಿಂತಿದ್ದಾನೆ, ಪ್ರಯೋಜನ ಇಲ್ಲ." ತಲೆ ಎತ್ತಿದ. "ನೀನು ಗೋಡೆಗೆ ಬೆನ್ನು ಕೊಟ್ಟು ನೆಟ್ಟಗೆ ನಿಂತಿದ್ದೀಯ. ನಿನ್ನಿಂದಲೇ ಹಿಡೀಬೇಕು. ಆಗ ನಿನ್ನ ಎತ್ತರ ಎಷ್ಟಮ್ಮಾ?"

"ಯಾರು ಅಳೆದಿದ್ರು?"

"ಹೀಲ್ಸ್ ಏನಾದ್ರೂ..."

"ಬರಿಗಾಲು. ಕಾಲುವೆ ದಂಡೆಯ ಹುಲ್ಲು ತುಳ್ಕೊಂಡು ಬಂದಿದ್ವಿ."

"ಬಾ ಹಾಗಾದ್ರೆ, ಇಲ್ಲಿ ನಿಲ್ಲು."

ಮಾವಿಸ್ ಕಪ್ಪು ಬೂಟು ಬಿಚ್ಚಿದಳು. ಗ್ಯಾರೇಜಿನ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಳು. ಹೆಡ್ಲಿ ಸ್ಕೇಲನ್ನು ಅವಳ ನೆತ್ತಿಯ ಮೇಲೆ ಅಡ್ಡ ಇಟ್ಟು, ಕಿವಿಯ ಸಂದಿಯಿಂದ ಪೆನ್ಸಿಲು ತೆಗೆದ.

"ಇಷ್ಟಿರಲಿಲ್ಲ," ಎಂದಳು. "ಈಗ ಕುಗ್ಗಿದ್ದೀನಿ."

"ಎಷ್ಟು?"

ಅವಳಿಗೆ ತಿಳಿಯದು. ಕಣ್ಣು ಮುಚ್ಚಿದಳು. ಬೆನ್ನಿನ ಹಿಂದೆ ಆ ಸಂಜೆಯ ಇಟ್ಟಿಗೆಗಳು ದಿನವೆಲ್ಲ ತಣ್ಣಗಿದ್ದು ಆಗತಾನೇ ಬೆಚ್ಚಗಾಗುತ್ತಿದ್ದವು. ನಿಧಾನವಾಗಿ ಹಿಮ್ಮಡಿ ಎತ್ತಿದಳು.

"ಇಲ್ಲಿಗಾ?" ಎಂದ ಹೆಡ್ಲಿ.

"ಇನ್ನೂ ಒಂಚೂರು."

ಪೆನ್ಸಿಲಿನ ಮೊನೆ ಮರದ ಮೇಲೆ ಕಾಯುತ್ತಿತ್ತು. ಕಪ್ಪು ಕಾಲುಚೀಲದೊಳಗೆ ಅವಳ ಎರಡೂ ಹಿಮ್ಮಡಿಗಳು ನೆಲದಿಂದೊಂದು ಅಂಗುಲ ಮೇಲೆ ನಡುಗುತ್ತಿದ್ದವು. ಅವಳು ಇಳಿಸಲಿಲ್ಲ.