ಮೂಲೆಯ ಕಿಂಡಿಯ ಹಲಗೆ

ಮಲ್ಲಿಗೆ ಗಿಡದ ಎಲೆಯಂಚು ಸುಟ್ಟದ್ದನ್ನು ಕಂಡ ದಿನದಿಂದ ಗ್ಲ್ಯಾಡಿಸಳಿಗೆ ಪಂಚಾಯತ್ ಸದಸ್ಯ ಲೀಲಾಧರನ ಮೇಲೆ ಗುಮಾನಿ. ಗುಮಾನಿಯೆಂದರೆ ಅಂಥಿಂಥದ್ದಲ್ಲ, ಹೊಳೆಬದಿಯಲ್ಲಿ ಕಾಗೆ ಕೂಗಿದರೂ ಅವನೇ ಕೂಗಿಸಿರಬೇಕು ಎನ್ನುವಷ್ಟು. ಬಾವಿ ನೀರು ಉಪ್ಪಾಗಿತ್ತು. ಉಪ್ಪು ನೀರಿಗೆ ಮಲ್ಲಿಗೆ ಬದುಕುವುದಿಲ್ಲ. ಗಂಡ ಲೂಯಿಸ್ ಮಸ್ಕತ್ತಿನ ಕೆಲಸ ಬಿಟ್ಟು ಬಂದ ಮೇಲೆ, ದಿನಾ ಬೆಳಿಗ್ಗೆ ಅವಳು ಕಟ್ಟಿ ಕಾಪು ಪೇಟೆಗೆ ಕಳಿಸುವ ಹೂವಿನಿಂದಲೇ ಆ ಮನೆಯ ಒಲೆ ಉರಿಯುತ್ತಿತ್ತು.

ಹೊಳೆಗೆ ಅಡ್ಡವಾಗಿ ಒಂದು ಕಿಂಡಿ ಅಣೆಕಟ್ಟು. ಮಳೆ ನಿಂತ ಮೇಲೆ ಅದರ ಕಿಂಡಿಗಳಿಗೆ ಹಲಗೆ ಇಳಿಸಿದರೆ ಭರತದ ಹೊತ್ತಿಗೆ, ಸಮುದ್ರ ಉಬ್ಬಿದಾಗ, ಉಪ್ಪು ನೀರು ಹೊಳೆಗೆ ಏರುವುದಿಲ್ಲ, ಬಾವಿಗಳು ಸಿಹಿಯಾಗಿ ಉಳಿಯುತ್ತವೆ. ಹಲಗೆ ಹಾಕಿಸುವುದು ಸದಸ್ಯನ ಕೆಲಸ. ಈ ವರ್ಷವೂ ಹಾಕಿಸಿದ್ದ, ಫೋಟೊ ತೆಗೆಸಿ ವಾಟ್ಸಾಪಿಗೂ ಬಿಟ್ಟಿದ್ದ. ಆದರೂ ಉಪ್ಪು. ಈಗ ನೋಡಿದರೆ ಅದೇ ಮನುಷ್ಯ ಮನೆಮನೆ ತಿರುಗಿ, “ಇನ್ನೊಂದು ಅವಧಿ ಕೊಡಿ, ನನ್ನ ಮೊದಲ ಆದ್ಯತೆ ನಳ್ಳಿ ನೀರು. ರಸ್ತೆ, ದೀಪ ಎಲ್ಲ ಅದರ ನಂತರ” ಎನ್ನುತ್ತಿದ್ದಾನೆ!

“ಮಗುವನ್ನು ಚಿವುಟುವುದೂ ಅವನೇ, ತೊಟ್ಟಿಲು ತೂಗುವುದೂ ಅವನೇ,” ಎಂದಳು ಗ್ಲ್ಯಾಡಿಸ್, ಪಕ್ಕದ ಮನೆಯ ಸರಸಳಲ್ಲಿ. ಸರಸ ಮಲ್ಪೆಯಿಂದ ಮೀನು ತಂದು ಮಾರುವವಳು, ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುವ ಅಭ್ಯಾಸವೇ ಇಲ್ಲ.

“ನೋಡದೆ ಹೇಳಬೇಡ ಮಾರಾಯ್ತಿ. ನಮ್ಮ ಬಾವಿಯೂ ಉಪ್ಪು. ನಾನೇನು ಅವನ ಹೆಸರು ಹೇಳಿದೆನಾ?”

“ಹಾಗಾದರೆ ನೋಡಿಯೇ ಬರುತ್ತೇನೆ.”

ಸಂಜೆ ಭರತ ಏರುವಾಗ ಗ್ಲ್ಯಾಡಿಸ್ ಅಣೆಕಟ್ಟಿಗೆ ಹೋದಳು. ಮೂಲೆಯ ಕಿಂಡಿಯ ಹಲಗೆಯನ್ನು ಯಾರೋ ಹಗ್ಗ ಹಾಕಿ ಮೇಲೆತ್ತಿ ಕಟ್ಟಿದ್ದರು. ಉಪ್ಪು ನೀರು ಧಾರಾಳವಾಗಿ ಒಳಗೆ ನುಗ್ಗುತ್ತಿತ್ತು. ಸಿಕ್ಕಿಬಿದ್ದ ಕಳ್ಳ ಎಂದು ಅವಳ ಎದೆ ಹಿಗ್ಗಿತು. ಒಂದು ಹೆಜ್ಜೆ ಮುಂದೆ ಹೋಗಿ ಬಗ್ಗಿ ನೋಡಿದಳು. ಮೊಣಕಾಲು ನೀರಿನಲ್ಲಿ ಬಲೆ ಕಟ್ಟುತ್ತಾ ನಿಂತಿದ್ದವನು ಲೂಯಿಸ್.

“ಒಂದೇ ಹಲಗೆ ಅಲ್ವಾ,” ಎಂದ ಅವನು, ತಲೆಯೆತ್ತದೆ. “ಸಿಗಡಿ ಒಳಗೆ ಬರ್ತದೆ, ಇಳಿತಕ್ಕೆ ಬಲೆಗೆ ಬೀಳ್ತದೆ. ನನಗೂ ಮನೆಗೆ ಏನಾದರೂ ತರಬೇಕು ಅಂತ ಉಂಟಲ್ಲ.”

“ಯಾರಾದರೂ ನೋಡಿದರೆ?”

“ಲೀಲಾಧರಣ್ಣ ಆಗಲೇ ನೋಡಿ ಆಯಿತು. ನಕ್ಕು ಹೋದ. ಒಳ್ಳೆ ಜನ.”

ಗ್ಲ್ಯಾಡಿಸಳಿಗೆ ಮೈ ಉರಿಯಿತು. ಗಂಡನ ಮೇಲೆ ಎಷ್ಟು ಸಿಟ್ಟೋ ಆ ನಗುವಿನ ಮೇಲೆ ಅದರ ಎರಡರಷ್ಟು. ಹಲಗೆ ಇಳಿಸು ಎಂದರೆ ಲೂಯಿಸ್ ಕಿವಿಗೇ ಹಾಕಿಕೊಳ್ಳಲಿಲ್ಲ.

ಭಾನುವಾರ ಶಾಲೆಯ ಜಗಲಿಯಲ್ಲಿ ಲೀಲಾಧರ ವಾರ್ಡಿನವರನ್ನು ಸೇರಿಸಿದ. ಮೊದಲ ಆದ್ಯತೆ ನಳ್ಳಿ ನೀರು ಎಂದು ಶುರುಮಾಡುವಷ್ಟರಲ್ಲಿ ಗ್ಲ್ಯಾಡಿಸ್ ಎದ್ದು ನಿಂತಳು.

“ಹಲಗೆ ಹಾಕಿದ ಮೇಲೂ ಬಾವಿ ಯಾಕೆ ಉಪ್ಪು?”

ಲೀಲಾಧರ ಮೈಕು ಕೆಳಗಿಟ್ಟು ಹತ್ತಿರ ಬಂದ. “ಗ್ಲ್ಯಾಡಿಸಕ್ಕ, ಅದನ್ನು ಇಲ್ಲಿ ಕೇಳಬೇಡಿ,” ಎಂದ, ಮೆಲ್ಲಗೆ. “ನಿಮ್ಮ ಮನೆಯ ಮರ್ಯಾದೆ. ನಾನು ಯಾರಿಗೂ ಹೇಳಲಿಲ್ಲ, ಹೇಳುವುದೂ ಇಲ್ಲ. ನೀವು ನನ್ನನ್ನು ನೆನಪಿಟ್ಟುಕೊಂಡರೆ ಸಾಕು.”

ಎಂಥ ಉಪಕಾರ! ಅವನು ಚಿವುಟಿರಲಿಲ್ಲ, ನಿಜ. ಚಿವುಟುವವರನ್ನು ಕಂಡೂ ಸುಮ್ಮನಿದ್ದು, ಮಗು ಅಳಲಿ ಎಂದು ಕಾದಿದ್ದ. ಈಗ ಬಾಯಿ ಮುಚ್ಚಿದರೆ ಮರ್ಯಾದೆ ಉಳಿಯುತ್ತದೆ, ಮಲ್ಲಿಗೆ ಸಾಯುತ್ತದೆ. ಗ್ಲ್ಯಾಡಿಸ್ ಜನರ ಕಡೆ ತಿರುಗಿದಳು.

“ಮೂಲೆಯ ಕಿಂಡಿಯ ಹಲಗೆ ಎತ್ತುವುದು ನನ್ನ ಗಂಡ,” ಎಂದಳು, ಎಲ್ಲರಿಗೂ ಕೇಳುವಂತೆ. “ಸಿಗಡಿಗೆ. ಇವರು ಕಣ್ಣಾರೆ ನೋಡಿದ್ದಾರೆ, ನೋಡಿಯೂ ಸುಮ್ಮನಿದ್ದಾರೆ. ಹಲಗೆ ಇಳಿದು ಬಾವಿ ಸಿಹಿಯಾದರೆ ಇವರ ನಳ್ಳಿಯನ್ನು ಯಾರು ಕೇಳುತ್ತಾರೆ?”

ಲೀಲಾಧರನ ಮುಖ ಸಪ್ಪಗಾಯಿತು. ಮೈಕಿಗೆ ಕೈ ಹಾಕಿದ. ಹಿಂದಿನ ಸಾಲಿನಲ್ಲಿದ್ದ ಲೂಯಿಸ್ ಎದ್ದು ಹೋದ.

ಆಗ ಸರಸ ಎದ್ದಳು. ಅವಳು ಲೀಲಾಧರನ ಕಡೆ ನೋಡಲೇ ಇಲ್ಲ.

“ಅಂದರೆ ಇಷ್ಟು ದಿನ ನಾವು ಉಪ್ಪು ನೀರು ಕುಡಿದದ್ದು ನಿನ್ನ ಮನೆಯ ಸಿಗಡಿ ಸಾರಿಗೋಸ್ಕರ ಅಲ್ವಾ, ಗ್ಲ್ಯಾಡಿಸ್?”

“ಹೌದು,” ಎಂದಳು ಗ್ಲ್ಯಾಡಿಸ್. “ಬನ್ನಿ, ಹಲಗೆ ಇಳಿಸುವಾ.”

ಜಗಲಿ ಖಾಲಿಯಾಯಿತು. ಎಲ್ಲರೂ ಅಣೆಕಟ್ಟಿನ ದಾರಿ ಹಿಡಿದರು. ಗ್ಲ್ಯಾಡಿಸಳ ಜೊತೆ ಮಾತ್ರ ಯಾರೂ ನಡೆಯಲಿಲ್ಲ.