ಬೆಳೆಯುವ ಕಾಲು

ಮೋಸ ಎನ್ನುವವರು ಎನ್ನಲಿ. ಸತ್ತ ಮಗಳ ಹೆಸರಿನಲ್ಲಿ ನಾನು ಶೂಗಳ ಚಿತ್ರ ಬಿಡಿಸಿ ಕಳಿಸಿದ್ದು ಹೌದು. ಒಂದು ಸಲವಲ್ಲ, ಚೌತಿಯಿಂದ ಹಿಡಿದು ದೀಪಾವಳಿಯವರೆಗೆ ಕಳಿಸಿದ್ದೇನೆ. ಅದರಿಂದ ಯಾರಪ್ಪನ ಮನೆಯ ಗಂಟೂ ಹೋಗಿಲ್ಲ.

ನಾನು ವಾರಿಜ. ಪುಂಜಾಲಕಟ್ಟೆಯಲ್ಲಿ ಬಸ್ಸು ನಿಲ್ಲುವಲ್ಲಿ ನನ್ನ ಹೊಲಿಗೆ ಅಂಗಡಿ. ಸುತ್ತಿನ ಶಾಲೆಗಳ ಯೂನಿಫಾರ್ಮ್ ಹೆಚ್ಚಿನದ್ದು ನನ್ನ ಮಿಷನ್ನಿನಿಂದಲೇ ಹೋಗುವುದು. ಸಾತ್ವಿಕಾ ನಮಗೆ ಒಬ್ಬಳೇ ಮಗಳು. ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಓದುತ್ತಿದ್ದಳು ಎಂದು ನಾವು ಹೇಳಿಕೊಳ್ಳುವುದು, ಅವಳು ಮಾಡುತ್ತಿದ್ದದ್ದು ಓಡುವುದು. ಎಂಟುನೂರು ಮೀಟರ್ ಓಟ.

ಅವಳ ಪಾದ ಮುಂದೆ ಅಗಲ, ಹಿಮ್ಮಡಿ ಸಪೂರ. ಅಂಗಡಿಯಲ್ಲಿ ಸಿಗುವ, ಅಟ್ಟೆಗೆ ಮುಳ್ಳಿರುವ ಓಟದ ಶೂ ಮುಂದೆ ಸರಿಯಾದರೆ ಹಿಂದೆ ಕಳಚುತ್ತಿತ್ತು, ಹಿಂದೆ ಹಿಡಿದರೆ ಮುಂದೆ ಬೆರಳು ತರಚುತ್ತಿತ್ತು. ರಜೆಯಲ್ಲಿ ಬಂದಾಗಲೆಲ್ಲ ಇದೇ ದೂರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ನಾನು ತಮಾಷೆ ಮಾಡಿದರೆ, ಕಾಲುಚೀಲ ತೆಗೆದು ರಕ್ತ ಕಟ್ಟಿದ ಬೆರಳು ತೋರಿಸುತ್ತಿದ್ದಳು. ಆಗ ನಾನು ತೆಂಗಿನೆಣ್ಣೆ ತಂದು ಹಚ್ಚುತ್ತಿದ್ದೆ.

ಮೂಡುಬಿದಿರೆಯಲ್ಲಿ ಒಂದು ಕ್ರೀಡಾಕೂಟ ನೋಡಲು ಮುನವ್ವರ್ ಎನ್ನುವವರು ಬಂದಿದ್ದರು. ಊರು ಬಂಟ್ವಾಳ, ಕೆಲಸ ತಮಿಳುನಾಡಿನ ಒಂದು ಕಾರ್ಖಾನೆಯಲ್ಲಿ ಓಟದ ಶೂಗಳ ವಿನ್ಯಾಸ ಮಾಡುವುದು. ಇವಳು ಸೀದಾ ಹೋಗಿ, ನೀವು ಯಾವತ್ತಾದರೂ ಹುಡುಗಿಯರ ಕಾಲು ನೋಡಿದ್ದುಂಟಾ ಎಂದು ಜಗಳಕ್ಕೇ ನಿಂತಳಂತೆ. ಕೋಪ ಮೂಗಿನ ತುದಿಯಲ್ಲಿ. ಅದು ನನ್ನಿಂದಲೇ ಅವಳಿಗೆ ಬಂದದ್ದು. ಅವರು ನಕ್ಕು, ಹಾಗಾದರೆ ನೀನೇ ಬಿಡಿಸಿ ತೋರಿಸು ಎಂದು ತಮ್ಮ ವಾಟ್ಸಾಪ್ ಗುಂಪಿಗೆ ಸೇರಿಸಿಕೊಂಡರು. ಶೂ ವಿನ್ಯಾಸ ಕಲಿಯುವ ಮಕ್ಕಳ ಗುಂಪು ಅದು. ಹುಬ್ಬಳ್ಳಿಯವರು, ಕುಂದಾಪುರದವರು ಎಂದು ಎಲ್ಲೆಲ್ಲಿಯವರೋ, ಒಬ್ಬರ ಮುಖ ಇನ್ನೊಬ್ಬರು ಕಂಡದ್ದಿಲ್ಲ. ವಾರಕ್ಕೊಂದು ಚಿತ್ರ ಬಿಡಿಸಿ ಫೋಟೋ ಹಾಕಬೇಕು. ಅವರು ಅದರ ಮೇಲೆ ಕೆಂಪು ಗೆರೆ ಎಳೆದು, ತಪ್ಪುಗಳನ್ನೆಲ್ಲ ವಾಯ್ಸ್ ಮೆಸೇಜಿನಲ್ಲಿ ಹೇಳುತ್ತಿದ್ದರು. ಕೊನೆಗೆ ಒಬ್ಬ ಓಟಗಾರನ ಕಾಲಿಗೆಂದೇ ಒಂದು ಶೂ. ಅದು ಪಾಸಾದರೆ ಕಾರ್ಖಾನೆಯಲ್ಲಿ ಒಂದು ಜೊತೆ ಹೊಲಿಸಿ ಮನೆಗೆ ಕಳಿಸುತ್ತಾರೆ. ಸಾತ್ವಿಕಾ ತನ್ನ ಕಾಲನ್ನೇ ಆರಿಸಿಕೊಂಡಳು. ಕಾಗದದ ಮೇಲೆ ಪಾದ ಇಟ್ಟು ಸುತ್ತ ಪೆನ್ಸಿಲ್ ಎಳೆದು ಕಳಿಸಿದಳು. ಶೂವಿನ ಚಿತ್ರವೂ ಅರ್ಧ ಆಗಿತ್ತು.

ಮಳೆಗಾಲದ ಆಟಿ ತಿಂಗಳಲ್ಲಿ ಜ್ವರ ಬಂತು. ಬಸ್ಸಿನಲ್ಲಿ ಒಬ್ಬಳೇ ಬಂದು ಇಳಿದಳು, ಅಂಗಡಿಯ ಕಟಿಂಗ್ ಮೇಜಿಗೆ ತಲೆಯಿಟ್ಟು ಮಲಗಿದಳು. ಡೆಂಗಿ ಎಂದರು. ಬೆಳ್ತಂಗಡಿಯ ಆಸ್ಪತ್ರೆ, ಅಲ್ಲಿಂದ ಮಂಗಳೂರು. ಆಮೇಲಿನದ್ದು ಹೇಳಲಿಕ್ಕೆ ನನ್ನಿಂದ ಆಗುವುದಿಲ್ಲ.

ಉತ್ತರಕ್ರಿಯೆ ಕಳೆದು ಬೊಜ್ಜದ ಊಟ ಮುಗಿಸಿ ನೆಂಟರೆಲ್ಲ ಹೋದರು. ಬಂದವರದ್ದೆಲ್ಲ ಒಂದೇ ರಾಗ: ಎಷ್ಟು ಚುರುಕಿದ್ದಳು, ಎಷ್ಟು ಚೆಂದ ಓಡುತ್ತಿದ್ದಳು. ಇದ್ದಳು, ಇದ್ದಳು, ಇದ್ದಳು. ಕೇಳಿ ಕೇಳಿ ಸಿಟ್ಟು ನೆತ್ತಿಗೇರುತ್ತಿತ್ತು. ಅವರು ಹೇಳಿದ್ದು ತಪ್ಪಲ್ಲ, ಗೊತ್ತು. ಒಂದು ಮಧ್ಯಾಹ್ನ ಅವಳ ಮೊಬೈಲನ್ನು ಚಾರ್ಜಿಗಿಟ್ಟು ತೆರೆದೆ. ಆ ಗುಂಪಿನಲ್ಲಿ ಮುನವ್ವರ್ ಅವರ ಧ್ವನಿ ಇತ್ತು.

"ಸಾತ್ವಿಕಾ, ನಿನ್ನ ಚಿತ್ರ ಬರ್ಲಿಲ್ಲ. ಮೊನ್ನೆಯದ್ರಲ್ಲಿ ಹಿಮ್ಮಡಿ ಸರಿ ಇಲ್ಲ ಹೇಳಿದ್ದೆನಲ್ಲ, ಅದನ್ನು ಸರಿ ಮಾಡಿ ಕಳಿಸು. ಕಾಯ್ತಾ ಇದ್ದೇನೆ."

ಊರೆಲ್ಲ ಅವಳನ್ನು ಮುಗಿಸಿಬಿಟ್ಟಿತ್ತು. ಇವರೊಬ್ಬರು ಮಾತ್ರ ಅವಳಿಗೆ ಇನ್ನೂ ಕೆಲಸ ಹೇಳುತ್ತಿದ್ದರು. ಹಾಕಿ ಹಾಕಿ ಕೇಳಿದೆ. ಆಮೇಲೆ ಅವಳ ಪೆನ್ಸಿಲ್ ಹಿಡಿದು ಹಿಮ್ಮಡಿ ಬಿಡಿಸಲು ಕುಳಿತೆ.

ನನಗೆ ಬಟ್ಟೆಯ ಮೇಲೆ ಚಾಕ್‌ನಿಂದ ಗುರುತು ಹಾಕಿ ಗೊತ್ತೇ ಹೊರತು ಚಿತ್ರ ಬಿಡಿಸಿ ಗೊತ್ತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಹಾಗೆ ನನಗೆ ಅದು ಚೆಂದವೇ ಕಂಡಿತು. ಫೋಟೋ ಹಾಕಿದೆ. ಸಂಜೆಯೊಳಗೆ ಮಂಗಳಾರತಿ ಬಂತು. "ಸಾತ್ವಿಕಾ, ಎಂಥ ಮಾರಾಯ್ತಿ ಇದು? ಅಂಗಿಯ ತೋಳಿನ ಹಾಗೆ ಚಪ್ಪಟೆ ಉಂಟು. ಇದರ ಒಳಗೆ ಕಾಲು ಹೋಗುವುದು ಹೇಗೆ?"

ಸತ್ತವಳಿಗೆ ಬೈಯುತ್ತಾರಲ್ಲ ಎಂದು ಮೈ ಉರಿಯಿತು. ಮರುಕ್ಷಣ ಹೊಟ್ಟೆ ತಣ್ಣಗಾಯಿತು. ಸತ್ತವರನ್ನು ಯಾರೂ ಬೈಯುವುದಿಲ್ಲ. ಬೈಸಿಕೊಳ್ಳುತ್ತಾಳೆ ಎಂದರೆ ಎಲ್ಲೋ ಒಂದು ಕಡೆ ಅವಳು ಇನ್ನೂ ಇದ್ದಾಳೆ ಎಂದೇ ಅಲ್ಲವೇ.

ಹಾಗೆ ನಾನು ಕಲಿಯತೊಡಗಿದೆ. ಗೆರೆಯನ್ನು ಬೆರಳಿನಿಂದ ಎಳೆಯಬಾರದು, ಭುಜದಿಂದ ಎಳೆಯಬೇಕು ಎಂದರು, ಎಳೆದೆ. ಮೊದಲು ತೆಳ್ಳಗೆ ಹತ್ತಾರು ಗೆರೆ ಹಾಕಿ ಅದರಲ್ಲಿ ಒಂದನ್ನು ಆರಿಸಿಕೋ ಎಂದರು. ಶೂ ಬಿಡಿಸುವ ಮೊದಲು ಕಾಲು ಬಿಡಿಸು, ಕಾಲಿಲ್ಲದ ಶೂ ಬರೀ ಡಬ್ಬಿ ಎಂದರು. ಅಂಗಡಿಯೆದುರು ಬಸ್ಸು ಹಿಡಿಯಲು ಓಡುವ ಮಕ್ಕಳ ಪಾದ ಎಲ್ಲಿ ಮಡಚುತ್ತದೆ, ಭಾರ ಎಲ್ಲಿ ಬೀಳುತ್ತದೆ ಎಂದು ನೋಡುತ್ತಾ ಕುಳಿತು ಎಷ್ಟೋ ಸಲ ಮಿಷನ್ನಿನ ಸೂಜಿ ಮುರಿದೆ. ಮುನವ್ವರ್ ಸುಲಭಕ್ಕೆ ಬಿಡುವ ಆಸಾಮಿಯಲ್ಲ. ಒಂದು ವಾರ ಅಟ್ಟೆ ದಪ್ಪವಾಯಿತು ಎಂದರೆ ಇನ್ನೊಂದು ವಾರ ಲೇಸಿನ ತೂತು ಪಾದದ ನರದ ಮೇಲೆ ಬಂತು ಎನ್ನುವರು. ಪ್ರತಿ ಸಲವೂ ಮೊದಲ ಮಾತು ಸಾತ್ವಿಕಾ. ಆ ಹೆಸರು ಕೇಳಲೆಂದೇ ಕೆಲವು ಸಲ ಬೇಕೆಂದು ತಪ್ಪು ಬಿಡಿಸಿದ್ದೂ ಉಂಟು.

ನಮ್ಮವರು, ಸಂಕಪ್ಪ, ರಿಕ್ಷಾ ಓಡಿಸುತ್ತಾರೆ. ನಾನು ಆ ಧ್ವನಿ ಹಾಕಿದ ಕೂಡಲೇ ಊಟದ ನಡುವೆಯಾದರೂ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಮಗಳು ಹೋದ ಮೇಲೆ ಅವರು ಯಾರೊಡನೆಯೂ ಅವಳ ವಿಷಯ ಎತ್ತಿದ್ದಿಲ್ಲ. ಒಂದು ದಿನ ಕೇಳಿಯೇ ಬಿಟ್ಟರು, "ವಾರಿಜಾ, ಆ ಸರ್‌ಗೆ ಯಾವಾಗ ಹೇಳ್ತಿ?" ಶೂ ಒಂದು ಆಗಲಿ ಎಂದೆ. ಬಂದ ಶೂ ಹಾಕುವುದು ಯಾರು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಜಗಳವೇ ಆಗುತ್ತಿತ್ತು.

ನನಗೆ ಆ ಶೂ ಬೇಕಿತ್ತು. ಅವಳು ಶುರು ಮಾಡಿದ್ದು ಅವಳ ಹೆಸರಿನಲ್ಲೇ ಮುಗಿಯಬೇಕಿತ್ತು. ಅಲ್ಲಿಯವರೆಗೆ ಆ ಹೆಸರನ್ನು ಕರೆಯುವವರು ಒಬ್ಬರು ಇರಬೇಕಿತ್ತು. ಇದಿಷ್ಟೇ ನನ್ನ ಆಸೆ, ದೊಡ್ಡದೇನಲ್ಲ.

ನವರಾತ್ರಿ ಕಳೆದ ಮೇಲೆ ಚಿತ್ರ ಒಂದು ಹದಕ್ಕೆ ಬಂತು. ಅದರ ಅಳತೆಗೆ ದಪ್ಪ ಬಟ್ಟೆಯಲ್ಲಿ ಒಂದು ಮಾದರಿ ಹೊಲಿದು ಫೋಟೋ ಕಳಿಸಿ ಎಂದು ಎಲ್ಲ ಮಕ್ಕಳಿಗೂ ಹೇಳಿದರು. ಹೊಲಿಯುವುದೆಂದರೆ ನನಗೆ ನೀರು ಕುಡಿದಷ್ಟು ಸುಲಭ. ಮಾದರಿಗೆ ಟೇಪು ಹಿಡಿದು ಫೋಟೋ ತೆಗೆದು ಹಾಕಿದೆ. ಚಿತ್ರ ಪಾಸು ಎಂದರು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ಇನ್ನೊಂದು ಮೆಸೇಜು.

"ಸಾತ್ವಿಕಾ, ಅಳತೆ ಎಂಥದು ಇದು? ನಿನ್ನ ಕಾಲಿನ ಗೆರೆ ನನ್ನ ಹತ್ರ ಉಂಟಲ್ಲ. ಬೆರಳಿನ ಮುಂದೆ ಇಷ್ಟು ಜಾಗ ಯಾಕೆ ಬಿಟ್ಟದ್ದು?"

ಮಾದರಿಯನ್ನು ತಿರುಗಿಸಿ ನೋಡಿದೆ. ಹೌದು, ಬಿಟ್ಟಿದ್ದೆ. ನನಗೇ ಗೊತ್ತಾಗದೆ ಬಿಟ್ಟಿದ್ದೆ. ನಮ್ಮಲ್ಲಿ ಮಕ್ಕಳ ಬಟ್ಟೆಯನ್ನು ಇದ್ದ ಅಳತೆಗೆ ಹೊಲಿಯುವ ಕ್ರಮವೇ ಇಲ್ಲ. ಸ್ವಲ್ಪ ಬಿಡಿ ಅಕ್ಕ, ಬೆಳೆಯುವ ಮಕ್ಕಳಲ್ಲವಾ ಎಂದು ಪ್ರತಿಯೊಬ್ಬ ತಾಯಿಯೂ ಹೇಳಿ ಹೋಗುತ್ತಾಳೆ. ಲಂಗದ ಅಂಚಿನಲ್ಲಿ ಒಂದು ಮಡಿಕೆ, ಬದಿಯ ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ. ವರ್ಷ ಹೋದ ಹಾಗೆ ಒಂದೊಂದೇ ಬಿಚ್ಚುವುದು. ಸಾತ್ವಿಕಾಳ ಅಂಗನವಾಡಿಯ ಫ್ರಾಕಿನಿಂದ ಕಾಲೇಜಿನ ಚೂಡಿದಾರದವರೆಗೆ ಹಾಗೆ ಬಿಡದೆ ನಾನು ಒಂದನ್ನೂ ಕತ್ತರಿಸಿದವಳಲ್ಲ. ಹಾಗಾಗಿ ಕೈ ತಾನಾಗಿ ಬಿಟ್ಟಿದೆ.

"ಬೆಳೆಯುವ ಕಾಲು ಸರ್" ಎಂದು ಬರೆದು ಕಳಿಸಿದೆ.

"ಹದಿನೇಳಾಯ್ತಲ್ಲ ನಿಂಗೆ? ಇನ್ನು ನಿನ್ನ ಕಾಲು ಬೆಳೆಯುವುದಿಲ್ಲ. ಓಡುವ ಶೂ ಅಂದ್ರೆ ಶಾಲೆಯ ಯೂನಿಫಾರ್ಮ್ ಅಲ್ಲ, ಇವತ್ತಿನ ಕಾಲಿಗೆ ಹೊಲಿಯಬೇಕು. ಆ ಜಾಗ ತೆಗೆ."

ಅವರಿಗೇನು ಗೊತ್ತು ಪಾಪ. ಮಿಷನ್ನಿನ ಎದುರು ಕುಳಿತವಳು ಕುಳಿತೇ ಇದ್ದೆ. ಗಿರಾಕಿ ಬಂದು ಕರೆದದ್ದೂ ಕೇಳಿಸಲಿಲ್ಲ. ಅವಳ ಕಾಲು ಇನ್ನು ಬೆಳೆಯುವುದಿಲ್ಲ ಎಂದು ನನಗೆ ಹೇಳುವ ಧೈರ್ಯ ನೆಂಟರಿಷ್ಟರು ಯಾರಿಗೂ ಬಂದಿರಲಿಲ್ಲ. ಇವರು ಅಳತೆಯ ಲೆಕ್ಕದಲ್ಲಿ ಹೇಳಿ ಮುಗಿಸಿದರು.

ತೆಗೆಯಲು ಕುಳಿತರೆ ಕೈ ಹೋಗಲಿಲ್ಲ. ಲೇಸಿನ ಕಡೆ ಏನೋ ಚೂರು ತಿದ್ದಿ ಅದೇ ಅಳತೆಯನ್ನು ಮತ್ತೆ ಕಳಿಸಿದೆ. ಸಿಕ್ಕಿಬಿದ್ದೆ. ಇನ್ನೊಮ್ಮೆ ಕಳಿಸಿದೆ. ದೀಪಾವಳಿ ಹತ್ತಿರ ಬಂದಿತ್ತು, ಹಬ್ಬದ ಮೊದಲು ಕಾರ್ಖಾನೆಯಲ್ಲಿ ಮಕ್ಕಳ ಶೂಗಳಿಗೆಲ್ಲ ಬಟ್ಟೆ ಕತ್ತರಿಸಿ ಹೊಲಿಯುವವರಿದ್ದರು. ಮುನವ್ವರ್ ತಾಳ್ಮೆಗೆಟ್ಟು ಸೀದಾ ಫೋನೇ ಮಾಡಿದರು. ಎತ್ತಿದೆ. ಅವಳ ಅಮ್ಮ ಎಂದೆ. ಅವಳಿಗೆ ಕೊಡಿ ಎಂದರು.

"ಸಾತ್ವಿಕಾ ಇಲ್ಲ" ಎಂದೆ.

"ಯಾವಾಗ ಬರ್ತಾಳೆ?"

ನಮ್ಮ ಮಾತೇ ಹಾಗೆ. ಪೇಟೆಗೆ ಹೋದವರೂ ಇಲ್ಲ, ಸತ್ತವರೂ ಇಲ್ಲ. ನಾನು ಒಂದು ಇಲ್ಲವನ್ನು ಹೇಳಿದೆ, ಅವರಿಗೆ ಇನ್ನೊಂದು ಇಲ್ಲ ಕೇಳಿಸಿತು. ಸಂಜೆ ಬರುತ್ತಾಳೆ ಎಂಬ ಮಾತು ನನ್ನ ನಾಲಿಗೆಯವರೆಗೆ ಬಂದಿತ್ತು, ದೇವರಾಣೆ. ನಮ್ಮವರು ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದು ನನ್ನ ಕೈಯಿಂದ ಫೋನ್ ತೆಗೆದುಕೊಂಡರು.

"ಸರ್, ನಾನು ಸಾತ್ವಿಕಾಳ ಅಪ್ಪ. ಅವಳು ಆಟಿಯಲ್ಲಿ ತೀರಿಕೊಂಡಳು. ಇಷ್ಟು ದಿನ ಚಿತ್ರ ಬಿಡಿಸಿದ್ದು ಅವಳ ಅಮ್ಮ."

ಆ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಫೋನ್ ಕಟ್ಟಾದ ಮೇಲೂ ಅದನ್ನು ಕಿವಿಗಿಟ್ಟುಕೊಂಡೇ ನಿಂತರು. ಹಾಗೆ ನಿಂತೇ ಅತ್ತರು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಮರುದಿನ ಬೆಳಿಗ್ಗೆ ಗುಂಪಿಗಲ್ಲ, ನನಗೊಬ್ಬಳಿಗೇ ಮೆಸೇಜು ಬಂತು. "ಅಕ್ಕ, ನಂಗೆ ಗೊತ್ತಿರ್ಲಿಲ್ಲ. ಏನೆಲ್ಲ ಹೇಳಿಬಿಟ್ಟೆ, ಮಾಫ್ ಮಾಡಿ. ಅಳತೆ ಬದಲಿಸುವುದು ಬೇಡ. ನೀವು ಮಾಡಿದ ಹಾಗೇ ಇರ್ಲಿ, ನಾನು ಹೊಲಿಸಿ ಕಳಿಸ್ತೇನೆ."

ಎಷ್ಟು ಮೆತ್ತಗಿನ ಧ್ವನಿ. ಸಾತ್ವಿಕಾ ಹೋಗಿ ಅಕ್ಕ ಆಗಿತ್ತು, ನೀನು ಹೋಗಿ ನೀವು. ಒಳ್ಳೆಯ ಮನುಷ್ಯರೇ, ಇಲ್ಲವೆನ್ನುವುದಿಲ್ಲ. ಆದರೆ ಆ ಮೆತ್ತಗಿನ ಮಾತಿನಲ್ಲಿ ನನ್ನ ಮಗಳು ಇನ್ನೊಮ್ಮೆ ಸತ್ತಳು. ಬೈಯಲಿಕ್ಕೂ ಯಾರೂ ಉಳಿಯಲಿಲ್ಲ. ಅಳತೆ ಸರಿಯಿಲ್ಲದ ಶೂ ಹಾಕಿ ಹಾಕಿಯೇ ಓಡಿದವಳು ಅವಳು. ಈಗ ಅವಳದೇ ಹೆಸರಿನಲ್ಲಿ, ಪಾಪ ಎಂದು, ಕಾಲಿಗೆ ನಿಲ್ಲದ ಇನ್ನೊಂದು ಜೊತೆ ಹೊಲಿಸುತ್ತಾರಂತೆ. ಅದಕ್ಕೆ ನಾನು ಒಪ್ಪಲಿಲ್ಲ.

ಅಂಗಡಿಯ ಬಾಗಿಲು ಅರ್ಧ ಎಳೆದು ಕುಳಿತೆ. ಅವಳು ಎಳೆದಿದ್ದ ಪಾದದ ಗೆರೆಯನ್ನು ಎದುರಿಗಿಟ್ಟುಕೊಂಡು ಚಿತ್ರದಲ್ಲಿ ಶೂವಿನ ಮೂತಿಯನ್ನು ಅಳಿಸಿ ಅದರ ಹತ್ತಿರಕ್ಕೆ ತಂದು ಬಿಡಿಸಿದೆ. ಫೋಟೋ ಕಳಿಸಿ, ಮೊದಲ ಸಲ ನನ್ನ ಸ್ವಂತ ಧ್ವನಿಯಲ್ಲಿ ಹೇಳಿದೆ.

"ತಪ್ಪು ಅಳತೆಗೆ ಹೊಲಿಸಬೇಡಿ, ಅವಳಿಗೆ ಆಗುವುದಿಲ್ಲ. ಜಾಗ ತೆಗೆದಿದ್ದೇನೆ. ಮೊದಲು ನೋಡ್ತಿದ್ದ ಹಾಗೆಯೇ ನೋಡಿ ಹೇಳಿ."

ಸಂಜೆ ಉತ್ತರ ಬಂತು. ಚಿತ್ರದ ಮೇಲೆ ಚಿಕ್ಕದೊಂದು ಕೆಂಪು ಗೆರೆ ಇತ್ತು.

"ಅಕ್ಕ, ಹೆಬ್ಬೆರಳಿನ ತುದಿಯಲ್ಲಿ ಇನ್ನೂ ಒಂದು ನೂಲಿನಷ್ಟು ಜಾಗ ಉಂಟು. ಅದನ್ನೂ ತೆಗೀರಿ."

ಉಂಟು. ಈ ಸಲ ಗೊತ್ತಿದ್ದೇ ಬಿಟ್ಟಿದ್ದೆ. ಒಂದು ನೂಲು ಯಾರ ಕಣ್ಣಿಗೆ ಬೀಳುತ್ತದೆ ಎಂದುಕೊಂಡಿದ್ದೆ. ರಬ್ಬರ್ ಹಿಡಿದು ಉಜ್ಜಿದೆ, ಕಾಗದ ಜಾರತೊಡಗಿತು. ನಮ್ಮವರು ಎದುರು ಬಂದು ಕುಳಿತು ಕಾಗದವನ್ನು ಎರಡು ಕೈಯಿಂದಲೂ ಒತ್ತಿ ಹಿಡಿದುಕೊಂಡರು. ನಾನು ಅದನ್ನೂ ಅಳಿಸಿದೆ.